ಹನಿ ಕಂಡರಾಗದ ಮಾವ

ಮಾವನವರಿಗೆ ಹನಿ ಕಂಡರಾಗದು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಸೊಸೆಗೆ ಇದು ಗೊತ್ತಾಗಿಹೋಗಿತ್ತು. ಸ್ನಾನ ಮುಗಿಸಿ ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಹೊರಬಂದರೆ, ತಲೆಗೆ ಸುತ್ತಿದ ಟವೆಲ್ ಬಿಚ್ಚುವಷ್ಟರಲ್ಲಿ ಅವರು ಸ್ಪ್ಯಾನರ್ ಹಿಡಿದು ಬಚ್ಚಲಿನ ಬಾಗಿಲಲ್ಲಿ ಹಾಜರ್. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಪೈಪ್ ಫಿಟ್ಟರ್ ಆಗಿದ್ದವರು. ಊರಿನ ಅರ್ಧ ರಸ್ತೆಗಳ ಕೆಳಗೆ ಏನೇನು ಹೂತಿದೆ ಅನ್ನುವುದು ಅವರಿಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ನಿವೃತ್ತರಾಗಿ ನಾಲ್ಕು ವರ್ಷವಾದರೂ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ನಾಲ್ಕು ರಬ್ಬರ್ ವಾಷರ್, ಒಂದು ಸುರುಳಿ ಬಿಳಿ ಟೇಪು. ಬೀದಿಯವರು ಬೆನ್ನ ಹಿಂದೆ ಅವರನ್ನು ‘ವಾಷರ್’ ಅಂತಲೇ ಕರೆಯುವುದು. ನಲ್ಲಿ ಕೆಟ್ಟ ದಿನ ಮಾತ್ರ ‘ಯಜಮಾನರೇ’.

ಒಮ್ಮೆ ಅತ್ತೆಯ ದೂರದ ಅಣ್ಣ ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಮಾವ ಅತ್ತೆ ಇಬ್ಬರೂ ಹೋಗಿದ್ದರು. ಮಾವ ಐದು ನಿಮಿಷ ತಲೆ ತಗ್ಗಿಸಿ ಕೂತಿದ್ದರು. ಆರನೇ ನಿಮಿಷಕ್ಕೆ ಎದ್ದು ಹಿತ್ತಲಿನ ಟ್ಯಾಂಕಿನ ಕಡೆ ನಡೆದವರು ಮತ್ತೆ ಕಾಣಿಸಿಕೊಂಡದ್ದು ಹೊರಡುವ ಹೊತ್ತಿಗೆ, ಮೊಣಕೈವರೆಗೆ ಒದ್ದೆಯಾಗಿ. “ನನ್ನ ಮಾನ ಅವತ್ತೇ ಹೋಯ್ತು, ಇನ್ನು ಹೋಗೋಕೆ ಏನೂ ಉಳಿದಿಲ್ಲ” ಅಂತ ಅತ್ತೆ ಈಗಲೂ ಹೇಳುತ್ತಾರೆ.

ಇಂಥವರ ಕೈಗೆ ಈ ಬೇಸಿಗೆಯಲ್ಲಿ ಸೊಸೆಯ ಕಾರು ಸಿಕ್ಕಿತು.

ಸೊಸೆ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾಳೆ. ಅದಕ್ಕೂ ಮುಂಚೆ ಒಂದು ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರುತ್ತಿದ್ದಳು. ಬಿಚ್ಚಿದ ಬಟ್ಟೆಯನ್ನು ಮಡಿಸುವುದು, ಮಡಿಸಿದ್ದನ್ನು ಮತ್ತೆ ಬಿಚ್ಚುವುದು. ಮೂರು ವರ್ಷದ ಹಿಂದೆ ಅದನ್ನು ಬಿಟ್ಟು, ಒಂದು ಹಳೆಯ ಕಾರು ಕೊಂಡು, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿದಳು. ಕಾರಿನ ನೆತ್ತಿಯ ಮೇಲೆ ಹಳದಿ ಬೋರ್ಡು ಬಂತು. ಕಲಿಯಲು ಬಂದವರು ‘ಟೀಚರ್’ ಅಂದರು. ಮನೆಯಲ್ಲಿ ಮಾತ್ರ ಅದಕ್ಕೆ ಇವತ್ತಿಗೂ ‘ಗಾಡಿ ಸುತ್ತಾಡಿಸೋದು’ ಅಂತಲೇ ಹೆಸರು. “ಹೇಗೂ ಸುತ್ತಾಡ್ತಾನೇ ಇರ್ತೀಯಲ್ಲ, ನನ್ನನ್ನ ಮಂಡಿ ಡಾಕ್ಟರ ಹತ್ರ ಇಳಿಸಿಬಿಡು” ಅಂತ ಅತ್ತೆ. “ಹೇಗೂ ಆ ಕಡೆ ಹೋಗ್ತೀಯಲ್ಲ” ಅಂತ ಗಂಡ. ಮಾವನವರಂತೂ ಅದರ ಬಗ್ಗೆ ಮಾತೇ ಆಡಿದವರಲ್ಲ. ಅವರ ಪ್ರಕಾರ ಕೆಲಸ ಅಂದರೆ ಗುಂಡಿ ತೋಡಿ ಒಳಗಿಳಿಯುವುದು. ಕಾಲಿಗೆ ಕೆಸರು ತಾಗದೆ ಮಾಡುವುದೆಲ್ಲ ಅವರಿಗೆ ಹೊತ್ತು ಕಳೆಯುವ ಬಾಬತ್ತು.

ಬೇಸಿಗೆ ಏರುತ್ತಿದ್ದಂತೆ ಕಾರಿನ ಎ.ಸಿ. ಕೈಕೊಟ್ಟಿತು. ಕಲಿಯುವವರು ಮೊದಲೇ ಬೆವರುವ ಜನ. ಭಯಕ್ಕೊಂದಿಷ್ಟು, ಬಿಸಿಲಿಗೊಂದಿಷ್ಟು ಬೆವರಿ ಕೈ ಸ್ಟೀರಿಂಗಿನ ಮೇಲೆ ನಿಲ್ಲದಾಯಿತು. ಕಿಟಕಿ ಇಳಿಸಿದರೆ ಅಗೆದು ಹಾಕಿದ ರಸ್ತೆಯ ಧೂಳು ನೇರ ಬಾಯಿಗೆ. ಏಳು ಜನ ಇದ್ದದ್ದು ಐದಾಯಿತು, ಐದು ಮೂರಾಯಿತು. ಹೋದವರೆಲ್ಲ ದೊಡ್ಡ ರಸ್ತೆಯ ಇನ್ನೊಂದು ಸ್ಕೂಲಿನ ತಣ್ಣನೆಯ ಹೊಸ ಕಾರಿನಲ್ಲಿ ಎದುರಿಗೆ ಸಿಕ್ಕು, ಕಂಡೂ ಕಾಣದ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಉಳಿದ ಮೂವರೂ ಹೋದರೆ ಮತ್ತೆ ಬಟ್ಟೆ ಅಂಗಡಿಯೇ ಗತಿ ಅನ್ನುವುದು ಅವಳಿಗೆ ಗೊತ್ತಿತ್ತು.

ಆ ಮೂವರಲ್ಲಿ ಒಬ್ಬರು ನರ್ಸಮ್ಮ. ನಲವತ್ತೈದು ದಾಟಿದವರು. ಊರಾಚೆಯ ಬಾಣಂತಿಯರ ಮನೆಗಳಿಗೆ ಹೋಗಿ ನೋಡಿಬರುವ ಕೆಲಸಕ್ಕೆ ಬಡ್ತಿ ಸಿಕ್ಕಿತ್ತು, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದರು. ತೊಂದರೆ ಒಂದೇ. ಎದುರಿಗೆ ಏನಾದರೂ ಅಡ್ಡ ಬಂದರೆ ಅವರು ಬ್ರೇಕಿನ ಮೇಲೆ ಕಾಲಿಡುವ ಬದಲು ಪಕ್ಕದಲ್ಲಿ ಕೂತವರ ಮುಖ ನೋಡುತ್ತಿದ್ದರು. ಪಕ್ಕದಲ್ಲಿ ಟೀಚರ್ ಇದ್ದರೆ ಟೀಚರ್ ಬ್ರೇಕ್ ಒತ್ತುತ್ತಿದ್ದಳು. ಪರೀಕ್ಷೆಯ ದಿನ ಇನ್ಸ್‌ಪೆಕ್ಟರ್ ಒತ್ತಿದರು, ಎರಡು ಸಲವೂ, ಒತ್ತಿದ ಕಾಲಲ್ಲೇ ಫೇಲ್ ಮಾಡಿದರು. ಮೂರನೇ ಪರೀಕ್ಷೆ ಬರುವ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ಇತ್ತು.

ಸೊಸೆ ಗ್ಯಾರೇಜಿಗೆ ಫೋನ್ ಮಾಡಿ ದಿನ ಗೊತ್ತುಮಾಡಲು ಹೊರಟಳು. ಅಲ್ಲಿಯವನು ನಾಲ್ಕು ದಿನ ಕಾರು ಬಿಡಬೇಕು ಅಂದ. ಅವಳು ಮೂರು ಅಂದಳು. ಅಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು.

“ಏನಂತೆ?”

“ಗ್ಯಾಸ್ ಸೋರಿಹೋಗಿದೆಯಂತೆ ಮಾವ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆ ಒಂದು ಮಾತನ್ನು ಆ ಮನೆಯಲ್ಲಿ ಆಡಬಾರದಿತ್ತು.

“ಸೋರಿದೆಯಾ? ಮನೇಲಿ ನಾನಿದ್ದೂ ಸೋರಿಕೆಗೆ ಹೊರಗಿನವರನ್ನ ಕರೀತೀಯಾ? ಊರಲ್ಲಿ ಯಾರಾದರೂ ಕೇಳಿದ್ರೆ ಏನಂದಾರು?”

“ಇದು ನೀರಲ್ಲ ಮಾವ, ಗ್ಯಾಸು.”

“ಪೈಪಲ್ಲಿ ಹೋಗುತ್ತೋ ಇಲ್ವೋ? ಹೋಗುತ್ತೆ ತಾನೇ? ಮತ್ತೆ?”

ಅವರಿಗೆ ಬೇಡ ಅನ್ನುವುದು ಆ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ಅನ್ನಬಹುದು, ಅಂದರೆ ಅವರು ಕೂಗಾಡುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು ಜಗಲಿಯಲ್ಲಿ ಕೂತು, ಜೇಬಿನ ವಾಷರುಗಳನ್ನು ಒಂದೊಂದಾಗಿ ಮಂಡಿಯ ಮೇಲೆ ಜೋಡಿಸುತ್ತಾರೆ, ಅಷ್ಟೇ. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ. ಗಂಡನನ್ನು ಕೇಳಿದರೆ ಅವನು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. “ಅಪ್ಪ ಮಾಡಿದ್ರೆ ಮಾಡ್ಲಿ. ಆಗದಿದ್ರೆ ಗ್ಯಾರೇಜ್ ಇದ್ದೇ ಇದೆ” ಅಂದ. ಆ ಆಗದ ದಿನಗಳು ಯಾರ ಲೆಕ್ಕಕ್ಕೆ ಅನ್ನುವುದನ್ನು ಅವನು ಹೇಳಲಿಲ್ಲ.

ಮೊದಲ ಭಾನುವಾರ ಮಾವ ಒಂದು ಗ್ಯಾಸ್ ಡಬ್ಬಿ, ಮುಳ್ಳಿನ ಮೀಟರ್ ಇರುವ ಒಂದು ಕೊಳವೆ ತಂದರು. ಬೀದಿಯಾಚೆ ಜಲ್ಲಿ ರಾಶಿಯ ಪಕ್ಕದಲ್ಲಿ ನಿಲ್ಲುತ್ತಿದ್ದ ಕಾರನ್ನು ಮನೆಯ ಮುಂದಿನ ಸಿಮೆಂಟ್ ಅಂಗಳಕ್ಕೆ ತರಿಸಿದರು. ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಅತ್ತೆಯಿಂದ ಓದಿಸಿ ಎರಡೇ ಸಾಲಿಗೆ “ಸಾಕು ಸಾಕು, ಗೊತ್ತಾಯ್ತು” ಅಂದರು. ಎಂಜಿನ್ ಚಾಲೂ ಮಾಡಿಸಿ, ಎ.ಸಿ. ಪೂರ್ತಿ ಹಾಕಿಸಿ, ದಪ್ಪ ಪೈಪಿನ ಮೇಲಿನ ಪುಟ್ಟ ವಾಲ್ವಿಗೆ ಕೊಳವೆ ಸಿಕ್ಕಿಸಿದರು. ಡಬ್ಬಿ ಕೈಯಲ್ಲೇ ತಣ್ಣಗಾಗುತ್ತ ಬಂತು, ಕಾರಿನ ಒಳಗೂ ತಣ್ಣನೆ ಗಾಳಿ ಬಂತು. ಅತ್ತೆ ಒಳಗೆ ಕೂತು “ಫ್ರಿಜ್ಜಲ್ಲಿ ಕೂತ ಹಾಗಿದೆ, ನಾನು ಇಲ್ಲೇ ಮಲಗ್ತೀನಿ” ಅಂದರು. ಮಾವ ಬೀಗಿದರು. ಸೊಸೆ ಅಷ್ಟೂ ಜನಕ್ಕೆ ಫೋನ್ ಮಾಡಿ ಕಾರು ಸರಿಯಾಯಿತು ಅಂದಳು.

ಬುಧವಾರಕ್ಕೆ ಕಾರು ಮತ್ತೆ ಒಲೆ.

“ಸೋರೋದನ್ನ ಹುಡುಕದೆ ತುಂಬಿಸಿದ್ರೆ ಇನ್ನೇನಾಗುತ್ತೆ ಮಾವ?” ಅಂದಳು ಸೊಸೆ, ಹಲ್ಲು ಕಚ್ಚಿಕೊಂಡು. ನೀರಿನ ವಿಷಯದಲ್ಲಾಗಿದ್ದರೆ ಈ ಮಾತನ್ನು ಅವರೇ ಹತ್ತು ಜನರಿಗೆ ಹೇಳುತ್ತಿದ್ದರು. ಆದರೆ ಅವರು ಹೌದು ಅನ್ನಲಿಲ್ಲ. “ಡಬ್ಬಿಯೇ ಸರಿ ಇರಲಿಲ್ಲ” ಅಂದರು. ಅವಳಿಗೆ ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ ನಾಲ್ಕು ಪಾತ್ರೆಗಳನ್ನು ಬೇಕಂತಲೇ ಸದ್ದು ಮಾಡಿ ತೊಳೆದಳು.

ಮರುದಿನದಿಂದ ಸೋರಿಕೆಯ ಬೇಟೆ ಶುರುವಾಯಿತು. ಅಟ್ಟದಿಂದ ಅವರ ಹಳೆಯ ಕಬ್ಬಿಣದ ಸರಳು ಇಳಿಯಿತು. ಇಲಾಖೆಯಲ್ಲಿದ್ದಾಗ ಅದರ ಒಂದು ತುದಿಯನ್ನು ರಸ್ತೆಗೂ ಇನ್ನೊಂದು ತುದಿಯನ್ನು ಕಿವಿಗೂ ಒತ್ತಿ, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಅನ್ನುವುದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದರು. ಆಗ ಎಂಜಿನಿಯರುಗಳೂ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ. ಈಗ ಓಡುತ್ತಿರುವ ಎಂಜಿನ್ನಿಗೆ ಸರಳು ಹಚ್ಚಿ ಕಿವಿ ಕೊಟ್ಟರು. ಆ ದಿನವಿಡೀ ಅವರ ಎಡಗಿವಿಗೆ ಬೇರೇನೂ ಕೇಳಿಸಲಿಲ್ಲ. ಅತ್ತೆ ಊಟಕ್ಕೆ ಮೂರು ಸಲ ಕರೆದರು.

“ನಾನು ಗ್ಯಾರೇಜಿಗೆ ಬಿಡ್ತೀನಿ ಮಾವ. ನರ್ಸಮ್ಮಂಗೆ ಇನ್ನೊಂದೇ ವಾರ ಇರೋದು.”

“ಭಾನುವಾರದ ತನಕ ತಡಿ. ಯಾರೋ ಒಬ್ರು ಒಂದು ಸುತ್ತು ಕಮ್ಮಿ ಹೊಡೆದ್ರೆ ಆಕಾಶ ಕಳಚಿ ಬೀಳಲ್ಲ.”

ಅವಳಿಗೆ ಅಳು ಬಂತು, ಸಿಟ್ಟಿನ ಅಳು. ಅದನ್ನು ತೋರಿಸಿಕೊಳ್ಳದೆ ಬೆವರು ಒರೆಸಲು ಎರಡು ಟವೆಲ್ ತೆಗೆದುಕೊಂಡು ಪಾಠಕ್ಕೆ ಹೋದಳು.

ಎರಡನೇ ಭಾನುವಾರ ಮಾವನವರ ಬುದ್ಧಿ ಕೊನೆಗೂ ಸರಿದಾರಿಗೆ ಬಂತು. ಗಡ್ಡ ಕೆರೆಯುವ ಬ್ರಷ್ಷಿನಿಂದ ಸೋಪಿನ ನೊರೆಯನ್ನು ಎ.ಸಿ. ಪೈಪಿನ ಗಂಟುಗಂಟಿಗೂ ಹಚ್ಚಿ, ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದರು. ಎಲ್ಲಿಯೂ ಏನೂ ಇಲ್ಲ. ಕೊನೆಗೆ, ತಾವೇ ಕೊಳವೆ ಸಿಕ್ಕಿಸಿದ್ದ ಪುಟ್ಟ ವಾಲ್ವಿನ ಬಾಯಲ್ಲಿ, ಒಳಗೆ ಉಳಿದಿದ್ದ ಚೂರುಪಾರು ಗ್ಯಾಸಿಗೆ ಒಂದು ಗುಳ್ಳೆ ಎದ್ದಿತು. ಸಾಸಿವೆ ಗಾತ್ರದ್ದು. ನಿಧಾನಕ್ಕೆ ದೊಡ್ಡದಾಯಿತು, ಒಡೆಯಿತು, ಮತ್ತೊಂದು ಎದ್ದಿತು. ಮಾವ ಅದನ್ನು ಎಂಟು ಸಲ ನೋಡಿದರು. ಸೊಸೆಯನ್ನು ಕರೆದು ತೋರಿಸಿದರು, ಅತ್ತೆಯನ್ನು ಕರೆದು ತೋರಿಸಿದರು, ದಾರಿಯಲ್ಲಿ ಹೋಗುತ್ತಿದ್ದ ಪೇಪರಿನವನನ್ನೂ ಕರೆದರು.

ಆಮೇಲಿನ ಕೆಲಸವನ್ನು ನಿಜಕ್ಕೂ ಅಚ್ಚುಕಟ್ಟಾಗಿ ಮಾಡಿದರು, ಅದನ್ನು ಸೊಸೆಯೂ ಅಲ್ಲಗಳೆಯುವುದಿಲ್ಲ. ಸ್ಕೂಟರ್ ಟ್ಯೂಬಿನ ವಾಲ್ವಿನೊಳಗೆ ಇರುವಂಥದ್ದೇ ಒಂದು ಪಿನ್ನು ಅದರೊಳಗೆ ಸವೆದಿತ್ತು. ಗುರುತಿನ ಫ್ರಿಜ್ ರಿಪೇರಿಯವನನ್ನು ಕರೆಸಿ, ಉಳಿದ ಗ್ಯಾಸನ್ನು ಅವನ ಸಿಲಿಂಡರಿಗೆ ಎಳೆಸಿ, ಹೊಸ ಪಿನ್ನು ಹಾಕಿದರು. ಪೈಪಿನೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುವ ಪಂಪು ಅವನದೇ. ಅರ್ಧ ಗಂಟೆ ಅದನ್ನು ಓಡಿಸಿ, ಮೀಟರಿನ ಮುಳ್ಳು ಒಂದು ಗಂಟೆ ಅಲ್ಲಾಡದೆ ನಿಂತಿದೆಯೇ ಅಂತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ನಿಂತಿತ್ತು. ಆಮೇಲೆ ಡಬ್ಬಿಯನ್ನು ನೆಟ್ಟಗೆ ಹಿಡಿದು, ಅತ್ತೆಯಿಂದ ಈ ಸಲ ಕೊನೆಯ ಸಾಲಿನವರೆಗೂ ಓದಿಸಿ ಗ್ಯಾಸ್ ತುಂಬಿದರು. ಪಂಪಿನವನು ಹೊರಟುಹೋದ. ಸೊಸೆ ನಾಳೆಯ ಪಾಠದ ಸಮಯ ಹೇಳಲು ಫೋನ್ ಹಿಡಿದು ಒಳಗೆ ಹೋದಳು. ಕಾರು ಅಂಗಳದಲ್ಲಿ ಎ.ಸಿ. ಹಾಕಿಕೊಂಡು ಗುರುಗುಡುತ್ತಿತ್ತು, ಮಾವ ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಅವಳು ಅವರನ್ನು ಒಬ್ಬರನ್ನೇ ಬಿಟ್ಟು ಹೋದದ್ದು ಹತ್ತೇ ನಿಮಿಷ.

ಸೋಮವಾರ ಮೊದಲ ಪಾಠ ಚೆನ್ನಾಗಿ ಕಳೆಯಿತು. ಎರಡನೆಯದು ನರ್ಸಮ್ಮನದು. ಕಾರಿನೊಳಗೆ ಕಾಲಿಟ್ಟವರೇ “ಅಬ್ಬ, ಜೀವ ಬಂತು ಟೀಚರ್” ಅಂದರು. ಕೈ ಜಾರದೆ ಸ್ಟೀರಿಂಗ್ ಹಿಡಿದರು, ಗೇರು ಕಿರುಗುಟ್ಟಲಿಲ್ಲ. ಸೊಸೆಗೆ ಎರಡು ವಾರದಲ್ಲಿ ಮೊದಲ ಸಲ ಬೆನ್ನು ಸೀಟಿಗೆ ಒರಗಿತು. ಶಾಲೆಯ ಹಿಂದಿನ ತಿರುವಿನಲ್ಲಿ ಕಾರು ತಿರುಗಿತು. ಎದುರಿಗೆ ರಸ್ತೆಯ ಅರ್ಧ ನುಂಗಿಕೊಂಡು ಒಂದು ಹಾಲಿನ ವ್ಯಾನು ನಿಂತಿತ್ತು. ನರ್ಸಮ್ಮ ಎಂದಿನಂತೆ ತಿರುಗಿ ಟೀಚರ್ ಮುಖ ನೋಡಿದರು.

ಅದೇ ಗಳಿಗೆಗೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಐಸಿನಂಥ ನೀರು ಒಂದು ಚೊಂಬಿನಷ್ಟು ಸೊಸೆಯ ಎರಡೂ ಕಾಲ ಮೇಲೆ ಸುರಿಯಿತು. ಅವಳು ಬೆಚ್ಚಿಬಿದ್ದು ಬ್ರೇಕಿಗೆ ಕಾಲು ಒತ್ತಿದಳು. ಒದ್ದೆ ಚಪ್ಪಲಿ ಪೆಡಲಿನ ಮೇಲಿಂದ ಜಾರಿ ಕೆಳಗೆ ಹೋಗಿ ಸಿಕ್ಕಿಕೊಂಡಿತು. ವ್ಯಾನಿನ ಹಿಂಬಾಗಿಲು ಮುಂದಿನ ಗಾಜಿನ ತುಂಬ ಬಂತು. ಅವಳು ಕಣ್ಣು ಮುಚ್ಚಿಕೊಂಡಳು.

ಕಾರು ಗಕ್ಕನೆ ಮುಗ್ಗರಿಸಿ ನಿಂತಿತು. ಎಂಜಿನ್ ಆರಿಹೋಯಿತು. ವ್ಯಾನಿಗೂ ಕಾರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ನರ್ಸಮ್ಮ ಸೀಟ್ ಬೆಲ್ಟ್ ಬಿಚ್ಚಿದರು. “ನನ್ನಿಂದ ಆಗಲ್ಲ ಟೀಚರ್. ಇವತ್ತೂ ನಿಮ್ಮ ಮುಖಾನೇ ನೋಡಿದೆ. ಗುರುವಾರ ನಾನು ಬರಲ್ಲ, ಬೇರೆ ಯಾರಿಗಾದ್ರೂ ಆ ಕೆಲಸ ಕೊಡ್ಲಿ” ಅಂದು ಇಳಿದು, ಮನೆಯ ಕಡೆ ನಡೆದೇ ಹೊರಟರು. ಸೊಸೆ ಪೆಡಲಿನ ಕೆಳಗಿಂದ ಚಪ್ಪಲಿ ಬಿಡಿಸಿಕೊಳ್ಳುವಷ್ಟರಲ್ಲಿ ಅವರು ತಿರುವು ದಾಟಿದ್ದರು. ಅವಳ ಕಾಲು ಮರಗಟ್ಟಿತ್ತು. ಈ ನೀರು ಬಂದದ್ದಾದರೂ ಎಲ್ಲಿಂದ?

ಗ್ಯಾರೇಜಿನವನಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಅವನು ಕೇಳಿದವನೇ ಹೇಳಿದ. “ತಣ್ಣಗಿರೋ ಲೋಟದ ಮೇಲೆ ನೀರು ಕಟ್ಟಲ್ವಾ ಮೇಡಂ, ಎ.ಸಿ. ಒಳಗೂ ಹಾಗೇ ಕಟ್ಟುತ್ತೆ. ಅದು ಕಾರಿನ ಕೆಳಗೆ ಒಂದು ರಬ್ಬರ್ ನಳಿಗೆಯಿಂದ ಹನಿಹನಿಯಾಗಿ ಹೊರಗೆ ಹೋಗ್ಬೇಕು. ಆ ನಳಿಗೆ ಕಟ್ಟಿಕೊಂಡಿರುತ್ತೆ, ನೋಡಿ.”

ಅವಳು ಬಗ್ಗಿ ನೋಡಿದಳು. ನಳಿಗೆ ಕಟ್ಟಿಕೊಂಡಿರಲಿಲ್ಲ. ಅದರ ಬಾಯಿಗೆ ಪೈಪಿನ ಬಿರುಕಿಗೆ ಹಚ್ಚುವ ಬೂದುಬಣ್ಣದ ಪುಟ್ಟಿ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ, ಮೇಲೆ ಬಿಳಿ ಟೇಪು ಸುತ್ತಿ ಮುಚ್ಚಲಾಗಿತ್ತು. ಸುತ್ತಿದ ಅಚ್ಚುಕಟ್ಟು ನೋಡಿದರೆ ಯಾರ ಕೆಲಸ ಅಂತ ಕೇಳುವ ಹಾಗೇ ಇರಲಿಲ್ಲ.

ಮನೆಗೆ ಬಂದವಳು ಕಾರಿನ ಬಾಗಿಲು ಹಾಕಿದ ಸದ್ದಿಗೇ ಅತ್ತೆ ಅಡುಗೆಮನೆಯಿಂದ ಹೊರಬಂದರು. ಮಾವ ಜಗಲಿಯಲ್ಲಿದ್ದರು.

“ಕಾರಿನ ಕೆಳಗೆ ಪುಟ್ಟಿ ಹಾಕಿದ್ದು ನೀವಾ ಮಾವ?”

“ಹೂಂ. ಅಂಗಳದಲ್ಲಿ ಹನಿ ಬೀಳ್ತಿತ್ತು. ಜಲ್ಲಿ ಮೇಲೆ ನಿಲ್ಸಿದ್ದಕ್ಕೆ ಇಷ್ಟು ದಿನ ಗೊತ್ತೇ ಆಗಿರಲಿಲ್ಲ ನೋಡು. ನಿಂಗೆ ಹೇಳೋಣ ಅಂದ್ರೆ ಫೋನಲ್ಲಿದ್ದೆ.”

“ಅದು ಬೀಳಬೇಕಾದ ಹನಿ ಮಾವ. ಅದು ಬಿದ್ರೇನೇ ಕಾರು ಸರಿಯಾಗಿದೆ ಅಂತ.” ಅವಳ ದನಿ ಏರುತ್ತ ಹೋಯಿತು, ಅವಳಿಗೆ ತಡೆಯಬೇಕು ಅನ್ನಿಸಲೂ ಇಲ್ಲ. “ಆ ನೀರೆಲ್ಲ ನನ್ನ ಕಾಲ ಮೇಲೆ ಬಿತ್ತು. ಬ್ರೇಕ್ ಮೇಲಿಂದ ಕಾಲು ಜಾರ್ತು. ಒಂದು ಗೇಣು, ಮಾವ, ಒಂದೇ ಗೇಣು. ನರ್ಸಮ್ಮ ಪರೀಕ್ಷೆ ಬೇಡ ಅಂತ ಎದ್ದು ಹೋದ್ರು. ಉಳಿದಿರೋದು ಇಬ್ರು. ನಿಮಗೆ ಅದು ಗಾಡಿ ಸುತ್ತಾಡಿಸೋದು. ನಂಗೆ ಅದು ಕೆಲಸ. ರಸ್ತೆ ಅಡೀಲಿರೋ ನಿಮ್ಮ ವಾಲ್ವ್ ಚೇಂಬರ್ ಗುಂಡಿ ಒಳಗೆ ನಾನು ಕೇಳ್ದೆ ಇಳಿದು ಒಂದು ವಾಲ್ವ್ ತಿರುಗಿಸಿದ್ರೆ ನೀವು ಸುಮ್ನಿರ್ತಿದ್ರಾ?”

ಏಳು ವರ್ಷದಲ್ಲಿ ಅವಳು ಅವರೆದುರು ಇಷ್ಟು ಮಾತಾಡಿದ್ದು ಇದೇ ಮೊದಲು. ಅತ್ತೆ ಸೌಟು ಹಿಡಿದು ನಿಂತವರು ನಿಂತೇ ಇದ್ದರು. ಮಾವ ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು, ಅರವತ್ತನಾಲ್ಕರ ಮಂಡಿ ಮಡಚಿ ಕಾರಿನ ಕೆಳಗೆ ಅಂಗಾತ ಮಲಗಿ, ಪುಟ್ಟಿ ಕೆರೆದರು. ಒಳಗೆ ಉಳಿದಿದ್ದ ನೀರು ನೇರ ಅವರ ಮುಖಕ್ಕೆ ಸುರಿಯಿತು.

“ಸರಿಯಾಯ್ತು” ಅಂದರು ಅತ್ತೆ.

ಅವರು ಎದ್ದು ಮುಖ ಒರೆಸಿಕೊಳ್ಳದೆ ಮೆಟ್ಟಿಲ ಮೇಲೆ ಕೂತರು. “ಚೇಂಬರಿನ ಬೀಗದ ಕೈನ ನಾನು ಎಂಜಿನಿಯರಿಗೂ ಕೊಡ್ತಿರಲಿಲ್ಲ” ಅಂದರು. “ಒಂದ್ಸಲ ಒಬ್ಬ ಹೊಸಬ ಕೇಳ್ದೆ ಇಳಿದಿದ್ದ. ಕೊರಳಪಟ್ಟಿ ಹಿಡಿದು ಮೇಲೆ ಎಳೆದಿದ್ದೆ.”

ಸೊಸೆಯ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಒಳಗೆ ಹೋಗಿ ಒದ್ದೆ ಬಟ್ಟೆ ಬದಲಿಸಿದಳು. ಬಟ್ಟೆ ಅಂಗಡಿಯ ಮ್ಯಾನೇಜರಿನ ನಂಬರ್ ಫೋನಿನಲ್ಲಿ ಇನ್ನೂ ಇದೆಯೇ ಅಂತ ಹುಡುಕಿದಳು. ಇತ್ತು. ಅದು ಇದ್ದದ್ದಕ್ಕೂ ಅವಳಿಗೆ ರೇಗಿತು.

ಆಗ ಜಗಲಿಯಿಂದ ಮಾವ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಎಡಗಿವಿ ಇನ್ನೂ ಪೂರ್ತಿ ಸರಿಹೋಗಿರಲಿಲ್ಲವೇನೋ, ಇಡೀ ಬೀದಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದರು. ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಕಲಿಯುವವರ ಪಟ್ಟಿಯಲ್ಲಿ ನಂಬರ್ ನೋಡಿಕೊಂಡಿರಬೇಕು.

“ನರ್ಸಮ್ಮನವರಾ? ನಾನು ಟೀಚರ್ ಮಾವ. ಅವರ ಕೆಲಸದ ಗಾಡಿ ಅದು. ಅವರನ್ನ ಕೇಳ್ದೆ ನಾನು ಕೈ ಹಾಕಿದ್ದು. ನೀರು ಬಂದಿದ್ದು ನನ್ನಿಂದ, ಅವರ ಕಾಲು ಜಾರಿದ್ದು ನನ್ನಿಂದ. ಅವರದ್ದೇನೂ ತಪ್ಪಿಲ್ಲ, ನಿಮ್ಮದೂ ಇಲ್ಲ. … ಹೌದಮ್ಮ, ಜಾರಿತ್ತು. ಬ್ರೇಕ್ ಒತ್ತೋಕೆ ಅವರಿಗೆ ಆಗ್ಲೇ ಇಲ್ವಂತೆ. … ಏನು? ತಡೀರಿ, ಅವರಿಗೇ ಕೊಡ್ತೀನಿ.”

ಅವರು ಬಾಗಿಲ ಹೊರಗೇ ನಿಂತು ಫೋನ್ ಚಾಚಿದರು. ಏಳು ವರ್ಷ ‘ಅವಳು’ ಅಂತಿದ್ದವರ ಬಾಯಲ್ಲಿ ‘ಅವರು’ ಅನ್ನುವುದು ಬಂದದ್ದು ಸೊಸೆಯ ಕಿವಿಗೆ ಬಿದ್ದಿತ್ತು. ಮುಖ ಬೇರೆ ಕಡೆ ತಿರುಗಿಸಿ ಫೋನ್ ತೆಗೆದುಕೊಂಡಳು.

“ಟೀಚರ್,” ನರ್ಸಮ್ಮನ ದನಿ ಸಣ್ಣಗಿತ್ತು, “ನೀವು ಬ್ರೇಕ್ ಒತ್ತಲಿಲ್ವಾ?”

“ಇಲ್ಲ. ಕಾಲು ಜಾರಿತ್ತು. ನಾನು ಕಣ್ಣು ಮುಚ್ಚಿಕೊಂಡೆ.”

“ಹೌದು, ಮುಚ್ಚಿಕೊಂಡ್ರಿ. ನಾನು ನಿಮ್ಮ ಮುಖ ನೋಡ್ತಿದ್ದೆ, ನೀವು ಕಣ್ಣು ಮುಚ್ಚಿಕೊಂಡ್ರಿ. ಆಮೇಲೆ ಏನಾಯ್ತೋ ನಂಗೆ ಗೊತ್ತಿಲ್ಲ.” ನರ್ಸಮ್ಮನ ದನಿ ಏರಿತು. “ಹಾಗಾದ್ರೆ ಕಾರು ನಿಲ್ಸಿದ್ದು ಯಾರು?”

ಸೊಸೆ ಮಂಚದ ಮೇಲೆ ಕೂತಳು. ಕಾರು ಮುಗ್ಗರಿಸಿದ್ದು, ಎಂಜಿನ್ ಆರಿದ್ದು, ಒಂದು ಗೇಣು, ಎಲ್ಲ ಈಗ ಒಂದೊಂದಾಗಿ ನೆನಪಾಯಿತು. ಅಷ್ಟು ಸಿಟ್ಟಿನಲ್ಲಿ ಅವಳು ಆ ಒಂದನ್ನು ಮಾತ್ರ ಕೇಳಿಕೊಂಡಿರಲೇ ಇಲ್ಲ.

“ನೀವು ಬ್ರೇಕ್ ಒತ್ತಿದ್ರಿ, ಕ್ಲಚ್ ಒತ್ತಲಿಲ್ಲ. ಅದಕ್ಕೇ ಎಂಜಿನ್ ಆರಿಹೋಯ್ತು,” ಅಂದಳು, ಟೀಚರಿನ ದನಿಯಲ್ಲಿ. “ನಾಳೆ ಏಳು ಗಂಟೆಗೆ ಬನ್ನಿ, ಅದೊಂದೇ ಬಾಕಿ ಇರೋದು.”